ಮರವಾದ ಮೇಲೂ ಸರಿಯುವ ಹಲ್ಲು

‘ನನಗೀಗ ನಲವತ್ತು ದಾಟಿದೆ. ಈಗ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡರೆ ಪ್ರಯೋಜನ ಉಂಟೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಲವತ್ತರ ಜಾಗದಲ್ಲಿ ಕೆಲವರು ಮೂವತ್ತೆರಡು ಎನ್ನುತ್ತಾರೆ, ಕೆಲವರು ಐವತ್ತೈದು ಎನ್ನುತ್ತಾರೆ. ಪ್ರಶ್ನೆಯೊಳಗಿನ ಸಂಕೋಚ ಮಾತ್ರ ಎಲ್ಲರದೂ ಒಂದೇ. ಹಲ್ಲಿಗೆ ತಂತಿ ಕಟ್ಟಿಸುವುದು ಹೈಸ್ಕೂಲು ಮಕ್ಕಳಿಗೆ ಹೇಳಿದ್ದು, ಆಗ ಮನೆಯಲ್ಲಿ ಅನುಕೂಲವಿರಲಿಲ್ಲ, ಅನುಕೂಲವಾಗುವ ಹೊತ್ತಿಗೆ ವಯಸ್ಸು ಮೀರಿತು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಆ ಭಾವನೆಗೆ ಬೆಂಬಲವಾಗಿ ನಿಂತಿದೆ. ಗಾದೆ ದವಡೆಯ ಮಟ್ಟಿಗೆ ಬಹುಪಾಲು ನಿಜ. ಹಲ್ಲಿನ ಮಟ್ಟಿಗೆ ನಿಜವಲ್ಲ. ಬೇರು ಗಟ್ಟಿಯಾಗಿದ್ದು ಒಸಡು ಆರೋಗ್ಯವಾಗಿದ್ದರೆ ಹಲ್ಲು ಯಾವ ವಯಸ್ಸಿನಲ್ಲೂ ಸರಿಯುತ್ತದೆ. ಹಾಗಾಗಿ ದೊಡ್ಡವರು ವಯಸ್ಸಿನ ಲೆಕ್ಕ ಬಿಟ್ಟು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಹಲ್ಲು ನಿಂತಿರುವ ನೆಲ ಹೇಗಿದೆ? ಸರಿಸಿದ ಹಲ್ಲನ್ನು ಅದೇ ಜಾಗದಲ್ಲಿ ಉಳಿಸಿಕೊಳ್ಳುವ ತಾಳ್ಮೆ ನನಗಿದೆಯೇ? ಚಿಕಿತ್ಸೆ ಫಲಿಸುವುದೂ ಕೆಡುವುದೂ ಈ ಎರಡರ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಹಲ್ಲು ಮೂಳೆಯಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ಕೂತಿಲ್ಲ. ಬೇರಿಗೂ ಅದರ ಸುತ್ತಲಿನ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವೊಂದಿದೆ. ಅದರಲ್ಲಿ ರಕ್ತನಾಳಗಳಿವೆ, ನರಗಳಿವೆ. ಗಟ್ಟಿ ಚಕ್ಕುಲಿ ಕಡಿದಾಗ ಬೇರಿಗೆ ಪೆಟ್ಟಾಗದಂತೆ ಕಾಯುವುದೂ, ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕ ಕೂಡಲೇ ಅಗಿಯುವುದನ್ನು ನಿಲ್ಲಿಸುವಂತೆ ಎಚ್ಚರಿಸುವುದೂ ಇದೇ ಪದರ. ತಂತಿಯ ಮೂಲಕ ಹಲ್ಲಿನ ಮೇಲೆ ಹಗುರವಾದ ಒತ್ತಡವನ್ನು ಬಿಡದೆ ಇಟ್ಟರೆ ಬೇರಿನ ಒಂದು ಬದಿಯಲ್ಲಿ ಈ ಪದರ ಒತ್ತಿಕೊಳ್ಳುತ್ತದೆ, ಇನ್ನೊಂದು ಬದಿಯಲ್ಲಿ ಹಿಗ್ಗುತ್ತದೆ. ಒತ್ತಿದ ಬದಿಗೆ ಮೂಳೆ ಕರಗಿಸುವ ಕೋಶಗಳು ಬರುತ್ತವೆ, ಹಿಗ್ಗಿದ ಬದಿಯಲ್ಲಿ ಮೂಳೆ ಕಟ್ಟುವ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಹೊಳೆ ಒಂದು ದಡವನ್ನು ಕೊರೆದು ಇನ್ನೊಂದು ದಡಕ್ಕೆ ಮರಳು ತುಂಬುತ್ತಾ ತನ್ನ ಪಾತ್ರ ಬದಲಿಸುವಂತೆ ಹಲ್ಲು ತನ್ನ ಕುಳಿಯ ಸಮೇತ ಸರಿಯುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904-05ರ ಸುಮಾರಿಗೆ ನಾಯಿಗಳ ಹಲ್ಲು ಸರಿಸಿ, ಆ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ತೋರಿಸಿಕೊಟ್ಟರು. ಮೂಳೆ ಕರಗುವ, ಕಟ್ಟುವ ಈ ಕೆಲಸ ಇಪ್ಪತ್ತಕ್ಕೆ ನಿಲ್ಲುವುದಿಲ್ಲ. ಅರವತ್ತರಲ್ಲಿ ಜಾರಿ ಬಿದ್ದು ಮುರಿದ ಕೈ ಮತ್ತೆ ಕೂಡುವುದು ಇದೇ ಶಕ್ತಿಯಿಂದ. ದೊಡ್ಡವರಲ್ಲಿ ಕೋಶಗಳು ಎಚ್ಚೆತ್ತುಕೊಳ್ಳಲು ಕೊಂಚ ಹೆಚ್ಚು ಸಮಯ ಹಿಡಿಯುತ್ತದೆ ಎಂಬುದು ನಿಜ. ಆದರೆ ಒಮ್ಮೆ ಶುರುವಾದ ಮೇಲೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ನಡಿಗೆ ಅವರಲ್ಲೂ ಸಾಧ್ಯ. ಹಾಗಾದರೆ ಇನ್ನಷ್ಟು ಬಿಗಿದರೆ ಬೇಗ ಮುಗಿಯುತ್ತದಲ್ಲ ಎಂದರೆ, ಇಲ್ಲ. ಅತಿಯಾಗಿ ಒತ್ತಿದರೆ ಪದರದ ರಕ್ತನಾಳಗಳು ಮುಚ್ಚಿಹೋಗಿ ಅಲ್ಲಿನ ಕೋಶಗಳು ಸಾಯುತ್ತವೆ, ಹಲ್ಲು ಇದ್ದಲ್ಲೇ ನಿಲ್ಲುತ್ತದೆ, ನೋವು ಮಾತ್ರ ಹೆಚ್ಚುತ್ತದೆ. ಹದವಾದ ಒತ್ತಡವನ್ನು ಬಹುಕಾಲ ಕೊಡಬಲ್ಲ ನಿಕಲ್-ಟೈಟೇನಿಯಂ ತಂತಿಗಳು 1970ರ ದಶಕದಲ್ಲಿ ಬಂದ ಮೇಲೆ ಈ ಚಿಕಿತ್ಸೆ ಮೊದಲಿಗಿಂತ ಬಹಳ ಮೃದುವಾಯಿತು.

ಗಾದೆ ನಿಜವಾಗುವ ಜಾಗವನ್ನೂ ಒಪ್ಪಿಕೊಳ್ಳಬೇಕು. ಮಕ್ಕಳಲ್ಲಿ ವೈದ್ಯರಿಗೆ ಬೆಳವಣಿಗೆ ಜೊತೆಗೂಡುತ್ತದೆ. ಮೇಲ್ದವಡೆಯ ಎರಡು ಭಾಗಗಳು ಅಂಗುಳಿನ ನಡುವೆ ಸೇರುವ ಹೊಲಿಗೆ ಎಳವೆಯಲ್ಲಿ ಇನ್ನೂ ಬಿಗಿದಿರುವುದಿಲ್ಲ. ಸಣ್ಣ ತಿರುಪಿರುವ ಸಾಧನವನ್ನು ಅಂಗುಳಿಗೆ ಕೂರಿಸಿ ದಿನಕ್ಕೆ ಇಷ್ಟೆಂದು ತಿರುಗಿಸಿದರೆ ದವಡೆಯೇ ಅಗಲವಾಗುತ್ತದೆ. ಹಿಂದುಳಿದ ಕೆಳದವಡೆಯನ್ನು ಬೆಳೆಯುವ ವಯಸ್ಸಿನಲ್ಲಿ ಮುಂದಕ್ಕೆ ತರಲು ಯತ್ನಿಸಬಹುದು. ಬೆಳವಣಿಗೆ ಮುಗಿದ ಮೇಲೆ ಆ ಅವಕಾಶ ಹೋಗುತ್ತದೆ. ಆಗ ಉಳಿಯುವ ದಾರಿ ಎರಡು. ದವಡೆಗಳ ವ್ಯತ್ಯಾಸ ಅಲ್ಪವಾಗಿದ್ದರೆ, ಅದನ್ನು ಹಾಗೆಯೇ ಬಿಟ್ಟು, ಕೆಲವೊಮ್ಮೆ ಎರಡು ನಾಲ್ಕು ಹಲ್ಲು ಕೀಳಿಸಿ, ಉಳಿದ ಹಲ್ಲುಗಳನ್ನು ಹೊಂದಿಸಿ ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿ, ಸರಿಮಾಡುವುದು ಒಂದು. ವ್ಯತ್ಯಾಸ ದೊಡ್ಡದಾಗಿದ್ದರೆ ತಂತಿಯ ಜೊತೆಗೆ ದವಡೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಇನ್ನೊಂದು. ಗದ್ದ ಹಿಂದೆ ಸರಿದು ಮೇಲಿನ ಹಲ್ಲು ತೀರ ಮುಂದೆ ಚಾಚಿರುವವರಿಗೆ ‘ಬರೀ ಕ್ಲಿಪ್ಪಿನಲ್ಲೇ ಮುಖದ ಆಕಾರ ಬದಲಿಸಿಬಿಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅನುಮಾನಿಸಿ. ಇಷ್ಟಾದರೂ ದೊಡ್ಡವರ ಪಾಲಿಗೆ ಒಂದು ಹೊಸ ಅನುಕೂಲ ಬಂದಿದೆ. ಹಲ್ಲನ್ನು ಎಳೆಯಬೇಕಾದರೆ ಎಳೆಯುವ ಹಗ್ಗವನ್ನು ಗಟ್ಟಿಯಾದ ಯಾವುದಕ್ಕಾದರೂ ಕಟ್ಟಬೇಕು. ಬೇರೆ ಹಲ್ಲಿಗೆ ಕಟ್ಟಿದರೆ ಆ ಹಲ್ಲೂ ಸರಿಯುತ್ತದೆ. 1990ರ ದಶಕದ ಕೊನೆಯಿಂದೀಚೆಗೆ ಒಂದೂವರೆ ಎರಡು ಮಿಲಿಮೀಟರ್ ದಪ್ಪದ, ಒಂದು ಸೆಂಟಿಮೀಟರ್ ಕೂಡ ಉದ್ದವಿಲ್ಲದ ಪುಟ್ಟ ತಿರುಪುಮೊಳೆಯನ್ನು ದವಡೆಯ ಮೂಳೆಗೇ ಕೂರಿಸಿ ಅದನ್ನು ಗೂಟದಂತೆ ಬಳಸುವ ಕ್ರಮ ಬಳಕೆಗೆ ಬಂತು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿ ತೆಗೆಯುತ್ತಾರೆ. ಹಿಂದಿನ ಕೆಲವು ಹಲ್ಲುಗಳನ್ನು ಆಗಲೇ ಕಳೆದುಕೊಂಡ ದೊಡ್ಡವರಿಗೆ ಈ ಗೂಟದಿಂದ ಆದ ಉಪಕಾರ ಸಣ್ಣದಲ್ಲ.

ದೊಡ್ಡವರಿಗೆ ಈ ಚಿಕಿತ್ಸೆ ಏಕೆ ಬೇಕಾಗುತ್ತದೆ ಎಂಬುದಕ್ಕೆ ಅಂದವೊಂದೇ ಉತ್ತರವಲ್ಲ. ನಮ್ಮಲ್ಲಿ ತುಂಬ ಸಾಮಾನ್ಯವಾದ ಒಂದು ಬಾಯಿಯನ್ನು ಹತ್ತಿರದಿಂದ ನೋಡೋಣ. ಆರನೇ ವಯಸ್ಸಿಗೆ ಹುಟ್ಟುವ ಮೊದಲ ಹಿಂದವಡೆ ಹಲ್ಲು ಶಾಶ್ವತವಾದದ್ದು. ಅದನ್ನು ಹಾಲುಹಲ್ಲೆಂದು ಕಡೆಗಣಿಸುವುದರಿಂದ ಬೇಗ ಹುಳುಕಾಗಿ, ಹದಿನಾರು ಹದಿನೆಂಟಕ್ಕೆ ಕೀಳಿಸಿಕೊಂಡವರು ಬಹಳ. ಹಲ್ಲು ಹೋದ ಜಾಗ ಖಾಲಿಯೇ ಉಳಿಯುತ್ತದೆ ಎಂದುಕೊಳ್ಳುತ್ತೇವೆ. ಆದರೆ ಅದರ ಹಿಂದಿನ ಹಲ್ಲು ವರ್ಷಗಳು ಕಳೆದಂತೆ ಆ ಸಂದಿಗೆ ವಾಲುತ್ತದೆ. ಎದುರು ದವಡೆಯ ಹಲ್ಲು ಅಗಿಯಲು ಜೊತೆ ಸಿಗದೆ ಖಾಲಿ ಜಾಗಕ್ಕೆ ಇಳಿದುಬರುತ್ತದೆ. ವಾಲಿದ ಹಲ್ಲಿನ ಬುಡದಲ್ಲಿ ಊಟದ ಚೂರು ಸಿಕ್ಕಿಕೊಳ್ಳುತ್ತದೆ, ಬ್ರಷ್ ಅಲ್ಲಿಗೆ ತಲುಪುವುದಿಲ್ಲ, ಒಸಡು ಊದುತ್ತದೆ. ನಲವತ್ತೈದಕ್ಕೆ ಅಲ್ಲೊಂದು ಇಂಪ್ಲಾಂಟ್ ಹಾಕಿಸೋಣವೆಂದು ಹೋದರೆ ಹಲ್ಲಿನ ಅಗಲಕ್ಕೆ ಬೇಕಾದ ಜಾಗವೇ ಇರುವುದಿಲ್ಲ. ವಾಲಿದ್ದನ್ನು ನೆಟ್ಟಗೆ ನಿಲ್ಲಿಸಿದರೆ ಜಾಗ ಸಿಗುತ್ತದೆ, ಬುಡ ಸ್ವಚ್ಛವಾಗುತ್ತದೆ. ಇದು ಹದಿಹರೆಯದವರ ಸಮಸ್ಯೆಯೇ ಅಲ್ಲ, ನಡುವಯಸ್ಸಿನದು. ಪಯೋರಿಯಾ ಎಂಬ ಒಸಡಿನ ರೋಗದಿಂದ ಮೂಳೆ ಸವೆದು ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯಂತೆ ಹರಡಿ ನಡುವೆ ಸಂದು ಬೀಳುವುದೂ ಹಾಗೆಯೇ. ಮೂವತ್ತರವರೆಗೆ ಸಾಲಾಗಿದ್ದ ಕೆಳಗಿನ ಮುಂಭಾಗದ ಹಲ್ಲುಗಳು ಆಮೇಲೆ ಒಂದರ ಮೇಲೊಂದು ಏರುವುದು ಇನ್ನೊಂದು ದೂರು. ಬುದ್ಧಿಹಲ್ಲು ಹಿಂದಿನಿಂದ ತಳ್ಳುತ್ತದೆ, ಅದಕ್ಕೇ ಹೀಗಾಯಿತು ಎಂಬ ನಂಬಿಕೆ ಬಲವಾಗಿದೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಬುದ್ಧಿಹಲ್ಲು ಕೀಳಿಸಿದವರನ್ನೂ ಕೀಳಿಸದವರನ್ನೂ ಹೋಲಿಸಿ, ಮುಂದಿನ ಹಲ್ಲು ಕಿಕ್ಕಿರಿಯುವುದನ್ನು ತಡೆಯುವುದಕ್ಕೆಂದೇ ಬುದ್ಧಿಹಲ್ಲು ಕೀಳಿಸುವುದು ಸರಿಯಲ್ಲ ಎಂಬ ತೀರ್ಮಾನಕ್ಕೆ ಬಂತು. ವಯಸ್ಸಿನೊಂದಿಗೆ ದವಡೆಯ ಕಮಾನು ಮುಂಭಾಗದಲ್ಲಿ ಕಿರಿದಾಗುತ್ತಾ ಹೋಗುವುದು ದೇಹದ ಸಹಜ ಕ್ರಮ. ಬುದ್ಧಿಹಲ್ಲು ಇಲ್ಲದವರಲ್ಲೂ ಅದು ಆಗುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯ, ಈ ವಯಸ್ಸಿನಲ್ಲಿ ಹಲ್ಲನ್ನು ಕದಲಿಸಿದರೆ ಸಡಿಲವಾಗಿ ಉದುರಿಹೋದೀತು ಎಂಬುದು. ಈ ಭಯದಲ್ಲಿ ಅರ್ಧ ಸತ್ಯವಿದೆ. ಚಿಕಿತ್ಸೆ ನಡೆಯುವಾಗ ಹಲ್ಲು ಕೊಂಚ ಅಲ್ಲಾಡುವುದು ಎಲ್ಲರಲ್ಲೂ ಸಹಜ. ತಂತಿ ಬಿಚ್ಚಿದ ಮೇಲೆ ಅದು ಮತ್ತೆ ಬಿಗಿಯಾಗುತ್ತದೆ. ನಿಜವಾದ ಅಪಾಯ ಇರುವುದು ಒಸಡಿನ ರೋಗವನ್ನು ಹಾಗೇ ಬಿಟ್ಟು ತಂತಿ ಕಟ್ಟಿಸಿಕೊಂಡಾಗ. ಉರಿಯೂತವಿರುವ ಒಸಡಿನಲ್ಲಿ ಹಲ್ಲನ್ನು ಒತ್ತಿದರೆ ಕರಗಿದ ಮೂಳೆ ಮರಳಿ ಕಟ್ಟಿಕೊಳ್ಳುವುದಿಲ್ಲ, ನಷ್ಟದ ವೇಗ ಹೆಚ್ಚುತ್ತದೆ. ಅದೇ ಬಾಯಿಯ ಪಾಚಿ ಮತ್ತು ಕಲ್ಲನ್ನು ಬೇರಿನವರೆಗೆ ಶುಚಿಮಾಡಿಸಿ, ರಕ್ತ ಒಸರುವುದು ನಿಂತು, ಒಂದಷ್ಟು ತಿಂಗಳು ಸ್ಥಿರವಾಗಿ ಉಳಿದರೆ, ಮೂಳೆ ಅರೆಪಾಲು ಸವೆದಿದ್ದರೂ ಹಗುರವಾದ ಒತ್ತಡದಿಂದ ಹಲ್ಲು ಸರಿಸಬಹುದು. ಇದರರ್ಥ ದೊಡ್ಡವರ ಚಿಕಿತ್ಸೆ ಶುರುವಾಗುವುದು ತಂತಿಯಿಂದಲ್ಲ, ಒಸಡಿನ ಪರೀಕ್ಷೆಯಿಂದ. ಒಸಡಿಗೆ ಸಣ್ಣ ಅಳತೆಕಡ್ಡಿ ಇಳಿಸಿ ಆಳ ನೋಡದೆ, ಎಕ್ಸ್‌ರೇಯಲ್ಲಿ ಮೂಳೆಯ ಮಟ್ಟ ನೋಡದೆ ಮೊದಲ ದಿನವೇ ಅಳತೆ ತೆಗೆದುಕೊಳ್ಳುವ ಕ್ಲಿನಿಕ್ ಅವಸರದಲ್ಲಿದೆ ಎಂದೇ ಅರ್ಥ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು ಮೊದಲು ಅದನ್ನು ಹತೋಟಿಗೆ ತರಬೇಕು, ಏಕೆಂದರೆ ಒಸಡಿನ ರೋಗಕ್ಕೂ ಅದಕ್ಕೂ ಹತ್ತಿರದ ನಂಟಿದೆ. ಮೂಳೆ ಸವೆತಕ್ಕೆ ಕೊಡುವ ಬಿಸ್‌ಫಾಸ್ಫೊನೇಟ್ ಎಂಬ ಗುಂಪಿನ ಔಷಧಗಳು ಮೂಳೆ ಕರಗಿಸುವ ಕೋಶಗಳನ್ನೇ ತಡೆಯುತ್ತವೆ. ಅವನ್ನು ಸೇವಿಸುವವರು ಹಲ್ಲಿನ ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು. ತಂಬಾಕು ಒಸಡನ್ನು ಕೆಡಿಸುತ್ತದೆ, ಅಡಿಕೆ ಗುಟ್ಕಾದ ಚಟ ಕೆನ್ನೆಯ ಒಳಪದರವನ್ನು ನಾರಿನಂತೆ ಬಿಗಿಯಾಗಿಸಿ ಬಾಯಿ ತೆರೆಯಲಾಗದಂತೆ ಮಾಡುತ್ತದೆ. ಬಾಯಿ ತೆರೆಯದಿದ್ದರೆ ಯಾವ ಚಿಕಿತ್ಸೆಯೂ ಇಲ್ಲ. ಬೇರಿನ ತುದಿ ಕೊಂಚ ಮೊಟುಕಾಗುವುದು ಈ ಚಿಕಿತ್ಸೆಯ ತಿಳಿದಿರುವ ಅಡ್ಡಪರಿಣಾಮ. ಬಹುತೇಕರಲ್ಲಿ ಅದು ಗಮನಕ್ಕೂ ಬಾರದಷ್ಟು ಸಣ್ಣದು. ಕೆಲವೇ ಜನರಲ್ಲಿ ತೀವ್ರವಾಗುತ್ತದೆ. ನಡುವೆ ಒಮ್ಮೆ ಎಕ್ಸ್‌ರೇ ತೆಗೆಸುವುದು ಅದಕ್ಕಾಗಿಯೇ.

ಇಷ್ಟೆಲ್ಲ ನೋಡಿದ ಮೇಲೆ ಬರಬೇಕಾದ ಪ್ರಶ್ನೆ ಯಾವ ಸಾಧನ ಎಂಬುದು. ನಮ್ಮಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ. ಲೋಹದ ಬ್ರಾಕೆಟ್, ಹಲ್ಲಿನ ಬಣ್ಣದ ಸೆರಾಮಿಕ್ ಬ್ರಾಕೆಟ್, ನಾಲಿಗೆಯ ಬದಿಗೆ ಅಂಟಿಸುವ ತಂತಿ, ಪಾರದರ್ಶಕ ಅಲೈನರ್ ಇವೆಲ್ಲ ಒಂದೇ ಜೀವಕ್ರಿಯೆಯನ್ನು ಬಳಸುವ ಬೇರೆ ಬೇರೆ ಉಪಕರಣಗಳು. ಅಲೈನರ್ ಬಂದದ್ದೇ ದೊಡ್ಡವರ ಸಂಕೋಚದಿಂದ ಎನ್ನಬಹುದು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಅಲೈನ್ ಟೆಕ್ನಾಲಜಿ ಎಂಬ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಜಿಯಾ ಚಿಷ್ತಿ ಸ್ವತಃ ದೊಡ್ಡವರಾದ ಮೇಲೆ ತಂತಿ ಹಾಕಿಸಿಕೊಂಡವರು. ಕಂಪ್ಯೂಟರಿನಲ್ಲಿ ಹಲ್ಲಿನ ನಡಿಗೆಯನ್ನು ಹೆಜ್ಜೆಹೆಜ್ಜೆಯಾಗಿ ವಿಂಗಡಿಸಿ, ಒಂದೊಂದು ಹೆಜ್ಜೆಗೂ ಒಂದೊಂದು ಪ್ಲಾಸ್ಟಿಕ್ ಅಚ್ಚು ಮಾಡುವುದು ಇದರ ತಿರುಳು. ಒಂದು ಅಚ್ಚು ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ, ವಾರಕ್ಕೋ ಎರಡು ವಾರಕ್ಕೋ ಮುಂದಿನದು ಬರುತ್ತದೆ. ಷರತ್ತು ಒಂದೇ: ದಿನದ ಇಪ್ಪತ್ತರಿಂದ ಇಪ್ಪತ್ತೆರಡು ಗಂಟೆ ಅದು ಬಾಯಲ್ಲಿರಬೇಕು. ತಿನ್ನುವಾಗ, ಬಿಸಿ ಕಾಫಿ-ಟೀ ಕುಡಿಯುವಾಗ ತೆಗೆಯಬೇಕು. ಬೆಳಗಿನ ಕಾಫಿ, ಹನ್ನೊಂದರ ಟೀ, ಊಟ, ಸಂಜೆಯ ಕುರುಕಲು, ರಾತ್ರಿ ಊಟ ಎಂದು ದಿನವಿಡೀ ಬಾಯಾಡಿಸುವವರಿಗೆ ಇಪ್ಪತ್ತೆರಡು ಗಂಟೆಯ ಲೆಕ್ಕ ಕೂಡಿಬರುವುದು ಕಷ್ಟ; ಅವರಿಗೆ ಅಂಟಿಸಿದ ತಂತಿಯೇ ಮೇಲು. ತಂತಿಯವರು ಕೋಡುಬಳೆ, ಕಬ್ಬು, ಗಟ್ಟಿ ಕೊಬ್ಬರಿ ಬಿಡಬೇಕು, ಬ್ರಷ್ ಮಾಡಲು ಹೆಚ್ಚು ಹೊತ್ತು ಕೊಡಬೇಕು. ಖರ್ಚಿನ ವಿಚಾರದಲ್ಲಿ ಲೋಹದ ತಂತಿ ಹತ್ತಾರು ಸಾವಿರದಲ್ಲಿ ಮುಗಿದರೆ ಅಲೈನರ್ ಸುಲಭವಾಗಿ ಲಕ್ಷ ದಾಟುತ್ತದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ, ಧಾರವಾಡ, ಮಣಿಪಾಲ, ದಾವಣಗೆರೆಯಂಥ ಊರುಗಳ ದಂತ ಕಾಲೇಜುಗಳೂ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಕೊಡಿಸುತ್ತವೆ. ಕಾಯುವ ಸಮಯ ಹೆಚ್ಚು. ಬಿಡಿಎಸ್ ಮುಗಿಸಿ ಮತ್ತೆ ಮೂರು ವರ್ಷ ಈ ವಿಷಯದಲ್ಲೇ ಎಂಡಿಎಸ್ ಓದಿದವರು ಇದರ ತಜ್ಞರು. ದೊಡ್ಡವರ ಬಾಯಿ ಮಕ್ಕಳ ಬಾಯಿಗಿಂತ ಜಟಿಲವಾದ್ದರಿಂದ ಅಂಥವರನ್ನೇ ಕೇಳಿ ಹುಡುಕಬೇಕು. ವೈದ್ಯರ ಮುಖ ನೋಡದೆ ಮನೆಗೇ ಅಚ್ಚು ತರಿಸಿಕೊಳ್ಳುವ ವ್ಯವಹಾರ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಉದಾಹರಣೆ. 2014ರಲ್ಲಿ ಶುರುವಾದ ಆ ಕಂಪನಿ ದಿವಾಳಿಯೆದ್ದು 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಹಲ್ಲು ಅರ್ಧ ದಾರಿಯಲ್ಲಿದ್ದ ಗ್ರಾಹಕರಿಗೆ ಮುಂದೆ ಯಾರನ್ನು ಕೇಳಬೇಕೆಂಬುದೇ ತಿಳಿಯದಾಯಿತು.

ಇದೆಲ್ಲ ಶೋಕಿ, ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕು ಎಂಬ ಆಕ್ಷೇಪವೂ ಇದೆ. ಅದಕ್ಕೆ ಉತ್ತರ ಕೊಡುವವರು ಆರೋಗ್ಯದ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾರೆ: ಹಲ್ಲು ನೆಟ್ಟಗಾದರೆ ಹುಳುಕು ಹಿಡಿಯುವುದಿಲ್ಲ ಎನ್ನುತ್ತಾರೆ. ಪುರಾವೆ ಈ ಮಾತಿಗೆ ಬೆಂಬಲ ಕೊಡುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1988-89ರಲ್ಲಿ ಹದಿಮೂರು ವರ್ಷದವರಾಗಿದ್ದ 448 ಮಕ್ಕಳನ್ನು ಅಡಿಲೇಡ್ ವಿಶ್ವವಿದ್ಯಾಲಯದ ಸಂಶೋಧಕರು ಅವರ ಮೂವತ್ತನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದರು. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಈ ನಡುವೆ ಹಲ್ಲು ಸರಿಪಡಿಸಿಕೊಂಡಿದ್ದರು. ಸರಿಪಡಿಸಿಕೊಂಡವರಲ್ಲಿ ಹುಳುಕು ಕಡಿಮೆಯೇನೂ ಇರಲಿಲ್ಲ. ಹುಳುಕು ತಡೆಯುವುದು ದಿನಕ್ಕೆರಡು ಸಲದ ಬ್ರಷ್, ಫ್ಲೋರೈಡ್ ಪೇಸ್ಟ್, ಸಿಹಿಯ ಮಿತಿ. ತಂತಿ ಅವಕ್ಕೆ ಬದಲಿಯಲ್ಲ. ಹಾಗಾದರೆ ಚಿಕಿತ್ಸೆ ವ್ಯರ್ಥವೇ? ಅಲ್ಲ. ವಾಲಿದ ದವಡೆ ಹಲ್ಲು, ಕೆಳಗಿನ ಹಲ್ಲು ಅಂಗುಳಿಗೆ ತಾಗಿ ಗಾಯವಾಗುವಷ್ಟು ಆಳದ ಕಚ್ಚು, ಮುಂದಿನ ಹಲ್ಲಿನಲ್ಲಿ ತುತ್ತು ಕಡಿಯಲಾಗದ ತೆರೆದ ಕಚ್ಚು ಇವುಗಳಲ್ಲಿ ಚಿಕಿತ್ಸೆಯ ಉಪಯೋಗ ಸ್ಪಷ್ಟವಾಗಿದೆ. ಇಂಥದ್ದೇನೂ ಇಲ್ಲದೆ, ನಗುವಾಗ ಕೈ ಅಡ್ಡ ಹಿಡಿಯುವ ಅಭ್ಯಾಸದಿಂದ ಬಿಡುಗಡೆ ಬೇಕು ಎಂಬುದಷ್ಟೇ ಕಾರಣವಾದರೂ ಅದು ನ್ಯಾಯವಾದ ಕಾರಣವೇ. ದೊಡ್ಡವರು ತಮ್ಮ ದುಡಿಮೆಯ ಹಣದಲ್ಲಿ, ತಮ್ಮ ಮುಖಕ್ಕಾಗಿ, ತಿಳಿದು ಮಾಡುವ ಆಯ್ಕೆ ಅದು. ಅದಕ್ಕೆ ಆರೋಗ್ಯದ ಮುಸುಕು ಹೊದಿಸಬೇಕಿಲ್ಲ. ಆದರೆ ‘ಆರು ತಿಂಗಳಲ್ಲಿ ಮದುವೆಯಿದೆ, ಅಷ್ಟರೊಳಗೆ ಮುಗಿಸಿಕೊಡಿ’ ಎಂಬ ಒತ್ತಾಯದಿಂದ ಶುರುಮಾಡಬಾರದು. ಪೂರ್ಣ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕು. ಮುಹೂರ್ತ ನೋಡಿ ಮೂಳೆ ಕರಗುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ, ಆದರೆ ಅತಿ ಕಡಿಮೆ ಚರ್ಚೆಯಾಗುವ ಭಾಗ ತಂತಿ ಬಿಚ್ಚಿದ ಮೇಲಿನದು. ಹಲ್ಲು ಹೊಸ ಜಾಗಕ್ಕೆ ಬಂದಿರುತ್ತದೆ, ಒಸಡಿನೊಳಗಿನ ನಾರುಗಳು ಇನ್ನೂ ಹಳೆಯ ಜಾಗದ ಕಡೆಗೇ ಎಳೆಯುತ್ತಿರುತ್ತವೆ. ಅವುಗಳಲ್ಲಿ ಕೆಲವು ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಒಂದು ವರ್ಷದವರೆಗೂ ಬೇಕು. ಆ ಮೇಲೂ ವಯಸ್ಸಿನ ಸಹಜ ಕಿಕ್ಕಿರಿತ ನಿಲ್ಲುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಜೊತೆಗಾರರು 1981ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕನ್ನಡಿ. ಹಲ್ಲು ಕೀಳಿಸಿ ಚಿಕಿತ್ಸೆ ಪಡೆದ 65 ಜನರನ್ನು, ಸರಿಸಿದ ಹಲ್ಲನ್ನು ಅದೇ ಜಾಗದಲ್ಲಿ ಹಿಡಿದಿಡುವ ರಿಟೇನರ್ ಎಂಬ ಸಾಧನವನ್ನು ಬಿಟ್ಟು ಕನಿಷ್ಠ ಹತ್ತು ವರ್ಷವಾದ ಮೇಲೆ ಅವರು ಪರೀಕ್ಷಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಗಿನ ಮುಂದಿನ ಹಲ್ಲುಗಳ ಸಾಲು ಮತ್ತೆ ಕೆಟ್ಟಿತ್ತು. ಯಾರ ಸಾಲು ಉಳಿಯುತ್ತದೆ, ಯಾರದು ಕೆಡುತ್ತದೆ ಎಂದು ಮೊದಲೇ ಹೇಳುವ ಉಪಾಯ ಅವರಿಗೆ ಸಿಗಲಿಲ್ಲ. ಇದರಿಂದ ಕಲಿಯಬೇಕಾದದ್ದು ಚಿಕಿತ್ಸೆ ಬೇಡವೆಂದಲ್ಲ. ರಿಟೇನರ್ ಎಂಬುದು ಚಿಕಿತ್ಸೆಯ ಬಾಲವಲ್ಲ, ಚಿಕಿತ್ಸೆಯ ಉಳಿದರ್ಧ ಎಂಬುದು. ಹಲ್ಲಿನ ಹಿಂದೆ ಅಂಟಿಸುವ ತೆಳು ತಂತಿಯಾದರೆ ಅದರ ಸುತ್ತ ಕಲ್ಲು ಕಟ್ಟದಂತೆ ಶುಚಿ ಮಾಡಿಕೊಳ್ಳಬೇಕು, ಎಲ್ಲಾದರೂ ಬಿಟ್ಟುಕೊಂಡಿದೆಯೇ ಎಂದು ಆಗಾಗ ತೋರಿಸಬೇಕು. ತೆಗೆದು ಹಾಕುವ ರಿಟೇನರ್ ಆದರೆ ಮೊದಲ ತಿಂಗಳುಗಳಲ್ಲಿ ವೈದ್ಯರು ಹೇಳಿದಷ್ಟು ಹೊತ್ತು, ಆಮೇಲೆ ರಾತ್ರಿಯ ಹೊತ್ತು, ಹಲ್ಲು ಸಾಲಾಗಿ ಬೇಕೆನ್ನುವಷ್ಟು ವರ್ಷವೂ ಹಾಕಿಕೊಳ್ಳಬೇಕು. ಬಿಸಿನೀರಲ್ಲಿ ತೊಳೆದರೆ ಅದರ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಾಗದದಲ್ಲಿ ಸುತ್ತಿಟ್ಟರೆ ಮನೆಯವರು ಕಸಕ್ಕೆ ಎಸೆಯುವುದೂ ಉಂಟು, ಹಾಗಾಗಿ ಡಬ್ಬಿಯಲ್ಲೇ ಇಡಬೇಕು. ಒಂದು ವಾರ ಬಿಟ್ಟು ಮತ್ತೆ ಹಾಕಿಕೊಂಡಾಗ ಬಿಗಿ ಎನಿಸಿದರೆ ಹಲ್ಲು ಅಷ್ಟರಲ್ಲೇ ಹಿಂದಕ್ಕೆ ಹೊರಟಿದೆ ಎಂದು ತಿಳಿಯಬೇಕು.

ಇಲ್ಲೇ ದೊಡ್ಡವರಿಗೆ ಮಕ್ಕಳಿಗಿಲ್ಲದ ಒಂದು ಬಲವಿದೆ. ಹದಿಮೂರರ ಹುಡುಗ ತಂತಿ ಹಾಕಿಸಿಕೊಳ್ಳುವುದು ಅಪ್ಪ-ಅಮ್ಮನ ಮಾತಿಗೆ. ರಿಟೇನರ್ ಮರೆತು ಹಾಸ್ಟೆಲಿಗೆ ಹೋಗಿಬಿಡುತ್ತಾನೆ. ನಲವತ್ತೈದರ ವ್ಯಕ್ತಿ ಬಿಪಿ ಮಾತ್ರೆಯನ್ನೋ ಕನ್ನಡಕವನ್ನೋ ದಿನವೂ ಮರೆಯದೆ ನಡೆಸುವವರು. ರಾತ್ರಿ ಮಲಗುವ ಮುನ್ನ ಇನ್ನೊಂದು ಸಣ್ಣ ಕೆಲಸ ಅವರಿಗೆ ಹೊರೆಯಲ್ಲ. ಆದ್ದರಿಂದ ನಲವತ್ತು ದಾಟಿದವರು ಮೊದಲ ಭೇಟಿಗೆ ಹೋಗುವಾಗ ವಯಸ್ಸಿನ ಸಂಕೋಚವನ್ನು ಮನೆಯಲ್ಲೇ ಬಿಟ್ಟು, ಕೆಲವು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ನನ್ನ ಒಸಡಿನ ಆಳ ಎಷ್ಟಿದೆ, ಮೂಳೆಯ ಮಟ್ಟ ಎಕ್ಸ್‌ರೇಯಲ್ಲಿ ಹೇಗಿದೆ? ನನ್ನ ತೊಂದರೆ ಹಲ್ಲಿನದೋ ದವಡೆಯದೋ? ಏನೂ ಮಾಡಿಸದೆ ಬಿಟ್ಟರೆ ಹತ್ತು ವರ್ಷದಲ್ಲಿ ಏನಾಗಬಹುದು? ಮುಗಿದ ಮೇಲೆ ರಿಟೇನರಿಗೆ, ಅದು ಹಾಳಾದರೆ ಹೊಸದಕ್ಕೆ, ಆಗಾಗಿನ ತಪಾಸಣೆಗೆ ಆಗುವ ಖರ್ಚು ಈಗ ಹೇಳಿದ ಮೊತ್ತದಲ್ಲಿ ಸೇರಿದೆಯೇ? ಕೊನೆಯ ಪ್ರಶ್ನೆಗೂ ಮೊದಲಿನವಕ್ಕೆ ಕೊಟ್ಟಷ್ಟೇ ವಿವರವಾಗಿ ಉತ್ತರ ಕೊಡುವ ವೈದ್ಯರು ಸಿಕ್ಕರೆ, ನಿಮ್ಮ ಹಲ್ಲು ಅವರ ಕೈಯಲ್ಲಿ ನಿಶ್ಚಿಂತೆಯಿಂದ ಸರಿಯಬಹುದು.